ಅಮ್ಮನ ದನಿಗೊಂದು ಡ್ರೈವರ್

ಕಂಪೌಂಡರ್ ದವಡೆಗಳ ಧೂಳು ಒರೆಸುತ್ತಿದ್ದ. ಹಲ್ಲಿನ ಕ್ಲಿನಿಕ್ಕಿನ ಗೋಡೆಯುದ್ದಕ್ಕೂ ಹಲಗೆ ಬಡಿದಿತ್ತು, ಹಲಗೆಯ ಮೇಲೆ ಪ್ಲಾಸ್ಟರಿನ ದವಡೆಗಳು ಸಾಲಾಗಿ ಕೂತಿದ್ದವು. ಎಲ್ಲವೂ ಹಲ್ಲು ಕಟ್ಟಿಸಿಕೊಳ್ಳಲು ಬಂದವರ ಬಾಯಿಯ ಅಚ್ಚುಗಳು. ಕೆಲವರು ಹೊಸ ಹಲ್ಲು ಹಾಕಿಸಿಕೊಂಡು ನಗುತ್ತಾ ಮನೆಗೆ ಹೋಗಿದ್ದರು. ಇನ್ನು ಕೆಲವರು ಹಲ್ಲು ತಯಾರಾಗುವ ಮುಂಚೆಯೇ ಊರು ಬಿಟ್ಟೋ ಲೋಕ ಬಿಟ್ಟೋ ಹೋಗಿದ್ದರು. ಅವನು ಒಂದೊಂದನ್ನೇ ಎತ್ತಿ, ಸಂದಿಗೆ ಬಟ್ಟೆಯ ತುದಿ ತೂರಿಸಿ ಒರೆಸಿ, ಸದ್ದಾಗದಂತೆ ಇದ್ದ ಜಾಗದಲ್ಲೇ ಇಡುತ್ತಿದ್ದ. ಈ ಕೆಲಸ ಮಾಡುವಾಗ ಅವನು ಕೆಮ್ಮುತ್ತಲೂ ಇರಲಿಲ್ಲ. ಅಷ್ಟೊಂದು ಬಾಯಿಗಳ ಎದುರು ತಾನು ಬಾಯಿ ತೆರೆದರೆ ಯಾವುದಾದರೂ ಒಂದು ತಿರುಗಿ ಮಾತಾಡೀತು ಅನ್ನುವ ಅಳುಕು.

ದವಡೆಗಳಾದ ಮೇಲೆ ಕಂಪ್ಯೂಟರ್. ಅದು ಮುಂಬಾಗಿಲ ಮೇಜಿನ ಮೇಲಿತ್ತು. ಬೆಳ್ಳಗಿದ್ದದ್ದು ಈಗ ಬೀಡಿ ಸೇದುವವರ ಹಲ್ಲಿನ ಬಣ್ಣಕ್ಕೆ ತಿರುಗಿತ್ತು. ಮೊದಲು ಅದನ್ನು ಆನ್ ಮಾಡಿ, ಅದು ಎದ್ದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಮೇಜು ಒರೆಸಿ, ಆಮೇಲೆ ಕೀಬೋರ್ಡಿಗೆ ಬರುವುದು ಅವನ ಕ್ರಮ. ಇವತ್ತು ಕೀಬೋರ್ಡಿನ ಮೇಲೆ ಏನೋ ಜಿಗುಟು ಅಂಟಿತ್ತು. ಒತ್ತಿ ಉಜ್ಜಿದ. ಪರದೆಯ ಮೇಲೆ ಒಂದರ ಮೇಲೊಂದು ಪೆಟ್ಟಿಗೆಗಳು ತೆರೆದುಕೊಂಡವು. ಕೊನೆಯದು ಇಂಗ್ಲಿಷಿನಲ್ಲಿ ಏನನ್ನೋ ಕೇಳಿ, ಕೆಳಗೆ ಎರಡು ಗುಂಡಿ ಇಟ್ಟುಕೊಂಡು ಕಾಯುತ್ತಾ ನಿಂತಿತು. ಕಂಪೌಂಡರ್ ಯೋಚಿಸಿ ಎಡಗಡೆಯದನ್ನು ಒತ್ತಿದ. ಪೆಟ್ಟಿಗೆಗಳೆಲ್ಲ ಮಾಯವಾದವು. ಸದ್ಯ ಬದುಕಿದೆ ಅಂದುಕೊಂಡು, ಪರೀಕ್ಷೆಗೆಂದು ರೋಗಿಗಳನ್ನು ಕರೆಯುವ ಕೀ ಒತ್ತಿದ.

ಏನೂ ಕೇಳಿಸಲಿಲ್ಲ.

ಮತ್ತೆ ಒತ್ತಿದ. ಸ್ಪೀಕರಿನ ದನಿ ಏರಿಸಿದ. ವೈರು ಅಲ್ಲಾಡಿಸಿದ. ಕಿವಿ ಹತ್ತಿರ ಇಟ್ಟ. ಬಾವಿಗೆ ಕಿವಿಯಿಟ್ಟ ಹಾಗೆ ಒಂದು ಖಾಲಿ ಗುಂಯ್ ಅನ್ನುವುದು ಬಿಟ್ಟರೆ ಒಳಗೆ ಯಾರೂ ಇರಲಿಲ್ಲ. ಪರದೆಯ ಮೂಲೆಯಲ್ಲಿ ಸ್ಪೀಕರಿನ ಚಿಕ್ಕ ಚಿತ್ರದ ಮೇಲೆ ಕೆಂಪು ಗೀಟು ಬಿದ್ದಿತ್ತು. ಹಲಗೆಯ ಮೇಲಿನ ದವಡೆಗಳೆಲ್ಲ ಅವನನ್ನೇ ನೋಡಿ ಹಲ್ಲು ಕಿಸಿಯುತ್ತಿದ್ದವು.

ಹೋದದ್ದು ಬರೀ ಸದ್ದಾಗಿದ್ದರೆ ಅವನು ಅಷ್ಟು ಬೆವರುತ್ತಿರಲಿಲ್ಲ. ಹೋದದ್ದು ಅಮ್ಮನ ದನಿ.

ಹಿಂದೆ ರೋಗಿಗಳನ್ನು ಕರೆಯುತ್ತಿದ್ದದ್ದು ಕಂಪೌಂಡರನೇ. ಅವನ ದನಿ ತಗಡಿನ ಡಬ್ಬಿಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗಿತ್ತು. ಅದನ್ನು ಕೇಳಿದ್ದೇ ತಡ, ಹಲ್ಲು ಕೀಳಿಸಿಕೊಳ್ಳಲು ಬಂದವರಿಗೆ ನೋವು ತಾನಾಗಿಯೇ ವಾಸಿಯಾಗಿ ಅವರು ಚಪ್ಪಲಿ ಹುಡುಕತೊಡಗುತ್ತಿದ್ದರು. ಅದನ್ನು ನೋಡಿ ಡಾಕ್ಟರ ಹೆಂಡತಿ, ಬೀದಿಗೆಲ್ಲ ಅಮ್ಮ ಆಗಿದ್ದವರು, ಯಾರೋ ಪರಿಚಯದವರ ಕೈಲಿ ಪ್ರೋಗ್ರಾಮ್ ಮಾಡಿಸಿ ತಮ್ಮ ದನಿ ಸೇರಿಸಿದ್ದರು. ಡಾಕ್ಟರು ಒಳಗಿನಿಂದ ಬೆಲ್ ಒತ್ತುವುದು, ಕಂಪೌಂಡರ್ ಕೀ ಒತ್ತುವುದು, ಸ್ಪೀಕರಿನಿಂದ ಅಮ್ಮ ಹೇಳುವುದು: "ಮುಂದಿನವರು ಒಳಗೆ ಬನ್ನಿ. ಹೆದರ್ಕೋಬೇಡಿ, ನಾನಿದ್ದೀನಿ."

ಆ ದನಿಗೆ ಮಗುವೂ ಎದ್ದು ಒಳಗೆ ಹೋಗುತ್ತಿತ್ತು. ಅಮ್ಮ ತೀರಿಕೊಂಡ ಮೇಲೂ ದನಿ ಮಾತ್ರ ಕೆಲಸಕ್ಕೆ ಬರುವುದು ನಿಲ್ಲಿಸಲಿಲ್ಲ. ಡಾಕ್ಟರು ಬದುಕಿರುವುದೇ ಆ ದನಿಯಿಂದ ಅಂತ ಇಡೀ ಬೀದಿ ಹೇಳುತ್ತಿತ್ತು. ಒಮ್ಮೆ ಅವರ ಮಗಳು ಹೊಸ ಕಂಪ್ಯೂಟರ್ ತಂದಿದ್ದಳು. ಡಾಕ್ಟರು ಬಾಯಿ ತೆರೆದು ಏನಾದರೂ ಹೇಳುವ ಮುಂಚೆಯೇ ಪಕ್ಕದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಕನ್ನಡಕದವರು, "ಏನಮ್ಮಾ, ನಿಮ್ಮಮ್ಮನ್ನ ಎತ್ತಿ ಗುಜರಿಗೆ ಹಾಕ್ತೀಯಾ?" ಅಂದುಬಿಟ್ಟರು. ಮಗಳು ಅತ್ತಳು. ಕಾಯುತ್ತಿದ್ದ ರೋಗಿಗಳೂ ಅತ್ತರು. ಡಾಕ್ಟರು ತೆರೆದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಹೊಸ ಕಂಪ್ಯೂಟರ್ ಪೆಟ್ಟಿಗೆ ಸಮೇತ ವಾಪಸಾಯಿತು.

ಇಂಥ ದನಿಯನ್ನು ಕಂಪೌಂಡರ್ ಒಂದು ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಕಿದ್ದ. ಅವನನ್ನು ಕೆಲಸಕ್ಕೆ ಸೇರಿಸಿದವರೇ ಅಮ್ಮ. ಹೋಗುವ ಮುಂಚೆ, "ಡಾಕ್ಟರನ್ನ ಒಂಟಿ ಮಾಡ್ಬೇಡ ಕಣೋ" ಅಂದಿದ್ದರು. ಸಂಜೆ ಕ್ಲಿನಿಕ್ ಬಾಗಿಲು ತೆರೆಯುವಷ್ಟರಲ್ಲಿ ದನಿ ತಿರುಗಿ ಬರದಿದ್ದರೆ ಡಾಕ್ಟರ ಮುಖ ಹೇಗೆ ನೋಡುವುದು? ಕೆಲಸ ಹೋಗುವುದು ಆಮೇಲಿನ ಮಾತು. ಅಮ್ಮನನ್ನು ಎರಡನೇ ಸಲ ಸಾಯಿಸಿದವನು ಅನ್ನಿಸಿಕೊಂಡು ಈ ಬೀದಿಯಲ್ಲಿ ಓಡಾಡುವುದು ಹೇಗೆ?

"ಏನ್ ಕಂಪೌಂಡರೇ, ಹಲ್ಲು ಕಿತ್ತ ಮೇಲೆ ಅರಿವಳಿಕೆ ಕೊಟ್ಟಂಗೆ ನಿಂತಿದೀರಲ್ಲ?"

ಬಾಗಿಲಲ್ಲಿ ಕನ್ನಡಕದವರು. ಅವರ ಅಂಗಡಿಯಲ್ಲಿ ಬೆಳಗಿನ ಹೊತ್ತು ಗಿರಾಕಿ ಕಡಿಮೆ, ಬೀದಿಯ ಚಿಂತೆ ಜಾಸ್ತಿ. ಕಂಪೌಂಡರ್ ತಡವರಿಸುತ್ತಾ ವಿಷಯ ಹೇಳಿದ. ಅವರು ಕಂಪ್ಯೂಟರಿನ ಹತ್ತಿರ ಬಂದು, ಹಣೆಯ ಮೇಲಿದ್ದ ಕನ್ನಡಕ ಇಳಿಸಿ ನೋಡಿದರು, ಜೇಬಿನಿಂದ ಇನ್ನೊಂದು ತೆಗೆದು ಹಾಕಿಕೊಂಡು ನೋಡಿದರು.

"ಡ್ರೈವರ್ ಹೋಗಿದೆ," ಅಂದರು.

"ಅಂದ್ರೆ?"

"ದನಿ ಒಳಗೇ ಇದೆ ಕಣ್ರೀ. ಹೊರಗೆ ಬರೋಕೆ ಅದಕ್ಕೆ ದಾರಿ ಗೊತ್ತಿಲ್ಲ. ಒಳಗೆ ಸದ್ದು ಮಾಡೋ ಕಾರ್ಡು ಅಂತ ಒಂದಿರುತ್ತೆ. ಅದಕ್ಕೂ ಕಂಪ್ಯೂಟರಿಗೂ ಮಧ್ಯೆ ನಿಂತು ಮಾತು ಹೇಳೋ ಪ್ರೋಗ್ರಾಮೇ ಡ್ರೈವರ್. ಅದನ್ನ ನೀವು ಅಳಿಸಿ ಹಾಕಿದೀರ." ಆಮೇಲೆ ದನಿ ತಗ್ಗಿಸಿದರು. "ಪಾಪ, ಅಮ್ಮ ಒಳಗೆ ನಿಂತು ಬಾಗಿಲು ಬಡೀತಿರ್ತಾರೆ. ನಮಗೆ ಕೇಳಿಸ್ತಿಲ್ಲ, ಅಷ್ಟೇ."

ಕಂಪೌಂಡರ್ ಕಂಪ್ಯೂಟರಿನಿಂದ ಒಂದು ಹೆಜ್ಜೆ ಹಿಂದೆ ಸರಿದ. "ಸುಮ್ನಿರಿ ಸಾರ್," ಅಂದ. "ಬೇರೆ ಯಾವುದಾದರೂ ಫೋನಿಗೆ ಹಾಕ್ಕೊಂಡು ಕೇಳಿಸೋಕಾಗಲ್ವಾ?"

"ಅದೆಲ್ಲ ಮೇಡಂಗೆ ಗೊತ್ತು. ನಡೀರಿ."

ಮೇಡಂ ಅಂದರೆ ಮಹಡಿಯ ಮೇಲೆ ಟೈಪಿಂಗ್ ಕ್ಲಾಸ್ ನಡೆಸುವವರು. ಮೊದಲು ಟೈಪ್‌ರೈಟರುಗಳಿದ್ದವು, ಈಗ ಕಂಪ್ಯೂಟರುಗಳು, ಬೈಯುವುದು ಮಾತ್ರ ಅದೇ. ಎಲ್ಲ ಕೇಳಿ ಅವರು ತಲೆಯಾಡಿಸಿದರು. "ಆ ದನಿ ಬೇರೆ ಫೈಲಾಗಿ ಇಲ್ಲ ಕಂಪೌಂಡರ್. ಪ್ರೋಗ್ರಾಮಿನ ಹೊಟ್ಟೆಯಲ್ಲೇ ಹೆಣೆದು ಇಟ್ಟಿದಾರೆ. ನಾನು ಹಿಂದೆ ಒಂದ್ಸಲ ನೋಡಿದೀನಿ. ಡ್ರೈವರ್ ಹುಡುಕೋದೊಂದೇ ದಾರಿ. ಬೆನ್ನು ನೆಟ್ಟಗೆ ಮಾಡಿ ಕೂತ್ಕೊಳ್ಳಿ, ಗೂನು ಬೀಳುತ್ತೆ."

ಕಂಪ್ಯೂಟರಿನ ಕಂಪನಿಯ ಹೆಸರು ಕೊಟ್ಟು ಅವರು ಇಂಟರ್‌ನೆಟ್ಟಿನಲ್ಲಿ ಹುಡುಕಿದರು. ಆ ಕಂಪನಿ ಯಾವತ್ತೋ ಮುಚ್ಚಿಹೋಗಿತ್ತು. ಡ್ರೈವರ್ ಕೊಡುತ್ತೇವೆ ಅನ್ನುವ ಸೈಟುಗಳು ಬೇಕಾದಷ್ಟಿದ್ದವು. ಒಂದರಲ್ಲಿ ಹಸಿರು ಗುಂಡಿ ಒತ್ತಿದರೆ ಕೂದಲು ಉದುರದ ಎಣ್ಣೆ ಬಂತು. ಇನ್ನೊಂದರಲ್ಲಿ ಒತ್ತಿದರೆ, ನೀವು ಮನುಷ್ಯರು ಹೌದೋ ಅಲ್ಲವೋ ಅಂತ ಕೇಳಿತು. ಚೌಕಗಳಲ್ಲಿ ಮೆಟ್ಟಿಲು ಇರುವ ಚಿತ್ರಗಳನ್ನು ಆರಿಸಬೇಕಿತ್ತು. ಮೇಡಂ ಆರಿಸಿದರು, ಒಪ್ಪಲಿಲ್ಲ. ಕನ್ನಡಕದವರು ಕನ್ನಡಕ ಬದಲಿಸಿ ಆರಿಸಿದರು, ಒಪ್ಪಲಿಲ್ಲ. ಕಂಪೌಂಡರ್ ಕಣ್ಣು ಮುಚ್ಚಿಕೊಂಡು ಎಲ್ಲದರ ಮೇಲೂ ಒತ್ತಿದ, ಮನುಷ್ಯ ಅಂತ ಒಪ್ಪಿಕೊಂಡು ಒಳಗೆ ಬಿಟ್ಟಿತು.

ಒಳಗೆ ಒಂದು ಹಳೆಯ ಪುಟ. ಜನ ಪ್ರಶ್ನೆ ಕೇಳುವ ಜಾಗ. ಮೇಡಂ ಓದಿ ಕನ್ನಡದಲ್ಲಿ ಹೇಳಿದರು. ಎಷ್ಟೋ ವರ್ಷದ ಹಿಂದೆ ಯಾರೋ ಕೇಳಿದ್ದ: "ನನ್ನ ಬಳಿಯೂ ಇದೇ ಕಂಪ್ಯೂಟರ್, ದನಿ ನಿಂತುಹೋಗಿದೆ, ಇದರ ಡ್ರೈವರ್ ಯಾರ ಹತ್ತಿರ ಇದೆ?" ಉತ್ತರವಿಲ್ಲ. ಅದರ ಕೆಳಗೆ ಒಂದು ವರ್ಷ ಬಿಟ್ಟು ಇನ್ನೊಬ್ಬ: "ನನಗೂ ಬೇಕು." ಅದರ ಕೆಳಗೆ ಮತ್ತೊಬ್ಬಳು: "ನಿಮಗೆ ಸಿಕ್ಕಿತೇ?" ಸಿಕ್ಕಿದವರು ಯಾರೂ ಬಂದು ಹೇಳಿರಲಿಲ್ಲ. ಪುಟ ಕೆಳಗೆ ಹೋಗುತ್ತಲೇ ಇತ್ತು. ಕೊನೆಯಲ್ಲಿ ಒಬ್ಬ ಬರೆದಿದ್ದ: "ಇಲ್ಲಿ ಯಾರಾದರೂ ಇದ್ದೀರಾ?"

ಕಂಪೌಂಡರನಿಗೆ ಆ ಪುಟ ತಮ್ಮ ಕ್ಲಿನಿಕ್ಕಿನ ಹಾಲ್‌ನಂತೆಯೇ ಕಂಡಿತು. ಬೆಂಚಿನ ತುಂಬ ಕೂತಿದ್ದಾರೆ, ಒಬ್ಬರನ್ನೂ ಒಳಗೆ ಕರೆದಿಲ್ಲ, ಎದ್ದು ಹೋಗುವುದೂ ಅವರಿಗೆ ಮರೆತಿದೆ.

"ಇವರೆಲ್ಲ ಈಗ ಎಲ್ಲಿದಾರೋ," ಅಂದರು ಕನ್ನಡಕದವರು.

"ಮನೇಲಿ ಇರ್ತಾರೆ ಬಿಡ್ರೀ," ಅಂದರು ಮೇಡಂ, ಆದರೆ ಅವರೂ ಸೆರಗು ಬಿಗಿಮಾಡಿಕೊಂಡರು. "ಇಲ್ನೋಡಿ, ಮಧ್ಯದಲ್ಲಿ ಒಬ್ಬ ಬುದ್ಧಿವಂತ ಇದಾನೆ. ಕಂಪ್ಯೂಟರಿನ ಹೆಸರು ಹೇಳಿ ಉಪಯೋಗ ಇಲ್ಲ, ಒಳಗಿನ ಸದ್ದಿನ ಕಾರ್ಡಿನ ಮೇಲೆ ದೊಡ್ಡ ಚಿಪ್ ಇರುತ್ತೆ, ಅದರ ನಂಬರ್ ಓದಿ ತನ್ನಿ ಅಂತಾನೆ. ಹೋಗಿ, ಓದಿಕೊಂಡು ಬನ್ನಿ."

ಕೆಳಗೆ ಬಂದು ಕಂಪೌಂಡರ್ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದ. ಒಳಗೆ ಬೂದು ಬಣ್ಣದ ಧೂಳು ಕಂಬಳಿಯಂತೆ ಹೊದ್ದು ಮಲಗಿತ್ತು. ಕಂಬಳಿಯೊಳಗೆ ಒಂದು ಹಲ್ಲಿ, ಒಣಗಿ ಹಾಳೆಯಾಗಿ, ಯಾವುದೋ ತಂತಿಯನ್ನು ತಬ್ಬಿಕೊಂಡಿತ್ತು. ಸದ್ದಿನ ಕಾರ್ಡು ಎಲ್ಲಕ್ಕಿಂತ ಕೆಳಗೆ ಅಡ್ಡಡ್ಡ ಕೂತಿತ್ತು, ಚಿಪ್ಪಿರುವ ಮುಖ ನೆಲದ ಕಡೆಗೆ. ಕಾರ್ಡು ಎಳೆಯೋಣವೆಂದರೆ ಸ್ಕ್ರೂ ತುಕ್ಕು ಹಿಡಿದು ತಗಡಿನ ಜೊತೆ ಒಂದಾಗಿಬಿಟ್ಟಿತ್ತು. ಬಗ್ಗಿ ನೋಡೋಣವೆಂದರೆ ತಲೆ ತೂರುವ ಜಾಗವಲ್ಲ.

ಆದರೆ ಅವನೇನು ಸುಮ್ಮನೆ ಇಷ್ಟು ವರ್ಷ ಹಲ್ಲಿನ ಕ್ಲಿನಿಕ್ಕಿನಲ್ಲಿದ್ದನೇ? ಬಾಯಿಯ ಹಿಂದಿನ ದವಡೆ ಹಲ್ಲಿನ ಹಿಂಬದಿಯನ್ನು ಡಾಕ್ಟರು ಹೇಗೆ ನೋಡುತ್ತಾರೆ ಅನ್ನುವುದು ಅವನಿಗೆ ಗೊತ್ತು. ಉದ್ದ ಹಿಡಿಯ ಚಿಕ್ಕ ಗುಂಡು ಕನ್ನಡಿ ತಂದ. ಡಾಕ್ಟರು ತಲೆಗೆ ಕಟ್ಟಿಕೊಳ್ಳುವ ದೀಪವನ್ನು ತಾನು ಕಟ್ಟಿಕೊಂಡ. ಅಭ್ಯಾಸಬಲದಿಂದ ಕಂಪ್ಯೂಟರಿಗೆ, "ಸ್ವಲ್ಪ ದೊಡ್ಡದಾಗಿ ಬಾಯಿ ತೆಗೀರಿ" ಅಂತಲೂ ಹೇಳಿ, ಕಾರ್ಡಿನ ಕೆಳಗೆ ಕನ್ನಡಿ ತೂರಿಸಿದ. ಚಿಪ್ಪಿನ ಮೇಲಿದ್ದ ಅಕ್ಷರಗಳೆಲ್ಲ ಸವೆದುಹೋಗಿದ್ದವು. ಉಳಿದಿದ್ದ ಅಂಕಿಗಳು ಮಾತ್ರ ಕನ್ನಡಿಯಲ್ಲಿ ಹಲ್ಲಿನಷ್ಟು ಸ್ಪಷ್ಟವಾಗಿ ಕಂಡವು: 1801. ಅಂಗೈ ಮೇಲೆ ಬರೆದುಕೊಂಡ. ಡಾಕ್ಟರಾಗಬೇಕಾಗಿದ್ದವನು ನಾನು ಅಂತ ಒಂದು ಕ್ಷಣ ಅನ್ನಿಸಿತು.

ಅಷ್ಟರಲ್ಲಿ ಮೇಜಿನ ಫೋನು ಹೊಡೆದುಕೊಂಡಿತು. ಡಾಕ್ಟರು.

"ಏನಪ್ಪಾ, ಕ್ಲಿನಿಕ್ ತೆರೆದ್ಯಾ?"

"ತೆರ್ದೆ ಸಾರ್. ಒರೆಸ್ತಾ ಇದೀನಿ."

"ಹೂಂ." ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಎಲ್ಲಾ ಸರಿ ಇದ್ಯಾ? ಅಂದ್ರೆ, ಕಂಪ್ಯೂಟರು ಗಿಂಪ್ಯೂಟರು?"

ಕಂಪೌಂಡರ್ ಕನ್ನಡಿಯನ್ನು ಮೇಜಿನ ಮೇಲಿಟ್ಟ. ಇವರಿಗೆ ಹೇಗೆ ತಿಳಿಯಿತು? ಪ್ರೀತಿ ಅಂದರೆ ಇದೇ ಇರಬೇಕು. ಇಲ್ಲಿ ದನಿ ನಿಂತರೆ ಅಲ್ಲಿ ಮನೆಯಲ್ಲಿ ಎದೆ ಹೊಡೆದುಕೊಳ್ಳುತ್ತದೆ. "ಎಲ್ಲಾ ಸರಿಯಾಗಿದೆ ಸಾರ್," ಅಂದ. "ಅಮ್ಮ ಚೆನ್ನಾಗಿ ಮಾತಾಡ್ತಿದಾರೆ."

"ಮಾತಾಡ್ತಿದಾಳಾ?"

"ಹೂಂ ಸಾರ್. ಬೆಳಿಗ್ಗೆಯಿಂದ ಮಾತಾಡ್ತಾನೇ ಇದಾರೆ."

ಫೋನಿನಲ್ಲಿ ಏನೋ ಕೆಳಗೆ ಬಿದ್ದ ಸದ್ದು. ಆಮೇಲೆ ಡಾಕ್ಟರು ಬಹಳ ಸಣ್ಣ ದನಿಯಲ್ಲಿ, "ಆಗ್ಲಿ" ಅಂದು ಇಟ್ಟರು. ಸುಳ್ಳು ಹೇಳಿದ್ದಕ್ಕೆ ಕಂಪೌಂಡರನಿಗೆ ಎಷ್ಟು ನಾಚಿಕೆಯಾಯಿತೆಂದರೆ ಊಟದ ಡಬ್ಬಿಯನ್ನೂ ತೆರೆಯದೆ ಹೊರಟ.

ಆ ಬೀದಿಯಲ್ಲಿ ಹಳೆಯ ಕಂಪ್ಯೂಟರಿಗೆ ಸಂಬಂಧಿಸಿದ ಯಾವುದೇ ಕೊನೆಯ ಪ್ರಯಾಣ ಗುಜರಿ ಮಾವನ ನೆಲಮಾಳಿಗೆಗೇ ಇತ್ತು. ಸತ್ತ ಕಂಪ್ಯೂಟರುಗಳನ್ನು ತಂದು, ಬಿಚ್ಚಿ, ಬದುಕಿರುವ ಭಾಗಗಳನ್ನು ಬೇರೆ ಕಂಪ್ಯೂಟರುಗಳಿಗೆ ಜೋಡಿಸುವುದು ಅವನ ಕಸುಬು. ಎಲ್ಲರೂ ಅವನನ್ನು ಮಾವ ಅನ್ನುವುದರಿಂದ ಅವನಿಗೆ ಎಲ್ಲ ಗಂಡಸರೂ ಅಳಿಯಂದಿರು. ಮೆಟ್ಟಿಲು ಇಳಿದ ಹಾಗೆ ಬೆಳಕು ಕಡಿಮೆಯಾಗುತ್ತಾ ಹೋಯಿತು. ಗೋಡೆಯ ತುಂಬ ಪರದೆಗಳು, ಆರಿದ ಪರದೆಗಳು, ಪ್ರತಿಯೊಂದರಲ್ಲೂ ಒಂದೊಂದು ಕಪ್ಪು ಕಂಪೌಂಡರ್ ಇಳಿದು ಬರುತ್ತಿದ್ದ.

"ಬನ್ನಿ ಅಳಿಯಂದ್ರೇ," ಕತ್ತಲ ಮೂಲೆಯಿಂದ ದನಿ ಬಂತು. "ಹುಷಾರು, ಅಲ್ಲೊಂದು ಬಿದ್ದಿದೆ, ತುಳೀಬೇಡಿ. ಇನ್ನೂ ಸ್ವಲ್ಪ ಜೀವ ಇದೆ."

ಕಂಪೌಂಡರ್ ಎಗರಿ ನಿಂತ. ಕಾಲ ಬಳಿ ಒಂದು ಪೆಟ್ಟಿಗೆ ತನ್ನಷ್ಟಕ್ಕೆ ಟಿಕ್ ಟಿಕ್ ಅನ್ನುತ್ತಿತ್ತು.

ಗುಜರಿ ಮಾವ ಒಂದು ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ. ಕೆನ್ನೆ ಊದಿ ಇನ್ನೊಂದು ಮುಖ ಹುಟ್ಟುವ ಹಾಗೆ ಕಾಣುತ್ತಿತ್ತು. ಅಂಗೈ ಮೇಲಿನ ನಂಬರನ್ನು ದೀಪಕ್ಕೆ ಹಿಡಿದು ನೋಡಿ, ಮಾರಿದ್ದ ಆಡಿನ ಗುರುತು ಹಿಡಿದವನಂತೆ ತಲೆದೂಗಿದ. "ಇದರ ಅಣ್ಣತಮ್ಮಂದಿರೆಲ್ಲ ನನ್ ಕೈಯಲ್ಲೇ ಸತ್ತಿದ್ದು. ಡಿಸ್ಕ್ ಇರ್ಬೇಕು. ಒಂದೇ ಕುಲ, ಒಂದಕ್ಕೊಂದು ಹೆಚ್ಚುಕಡಿಮೆ ಹೊಂದಿಕೊಂಡು ಹೋಗ್ತವೆ, ಆದ್ರೆ ಸರಿಯಾದ ನಂಬರಿನದ್ದೇ ಆದ್ರೆ ಒಳ್ಳೇದು."

ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆಯ ತುಂಬ ಡಿಸ್ಕುಗಳು. ಮಾವ ಕೈ ಹಾಕಿ, ಕಣ್ಣು ಮುಚ್ಚಿ ಬೆರಳಿನಿಂದಲೇ ಹುಡುಕಿದ. "ಯಾರ ದನಿ ಇದು?" ಅಂತ ಕೇಳಿದ, ಹುಡುಕುತ್ತಲೇ.

"ಡಾಕ್ಟರ ಹೆಂಡತೀದು."

"ತೀರಿಕೊಂಡವರದ್ದಾ?" ಮಾವ ನಕ್ಕ, ನಗುವಾಗ ನೋವಾಗಿ ನಿಲ್ಲಿಸಿದ. "ನಾನು ಇಲ್ಲಿ ಇವುಗಳ ಮಧ್ಯೆ ಊಟ ಮಾಡ್ತೀನಿ, ನಿದ್ದೆ ಮಾಡ್ತೀನಿ. ನಂಗೆ ಯಾವ ಭಯವೂ ಇಲ್ಲ ಅಳಿಯಂದ್ರೇ. ಭಯ ಇರೋದು ನಿಮ್ಮ ಡಾಕ್ಟರ ಇಕ್ಕಳಕ್ಕೆ ಮಾತ್ರ. ಡಿಸ್ಕ್ ಕೊಡ್ತೀನಿ, ಆದ್ರೆ ಇವತ್ತು ಸಂಜೆ ಎಲ್ಲರಿಗಿಂತ ಮುಂಚೆ ನನ್ನನ್ನ ಒಳಗೆ ಬಿಡ್ಬೇಕು. ಕಾಯ್ತಾ ಕೂತ್ರೆ ನಾನು ಎದ್ದು ಓಡಿಹೋಗ್ತೀನಿ."

ಕಂಪೌಂಡರ್ ಒಪ್ಪಿಕೊಂಡ. ಡಿಸ್ಕನ್ನು ಅಂಗಿಯೊಳಗೆ ಎದೆಗೆ ಒತ್ತಿಕೊಂಡು ಮೇಲೆ ಬಂದ. ಹೊರಗಿನ ಬಿಸಿಲಿಗೂ ಅದು ತಣ್ಣಗೇ ಇತ್ತು.

ಕ್ಲಿನಿಕ್ಕಿಗೆ ಬಂದರೆ ಸಂಜೆಯ ರೋಗಿಗಳಿಂದ ಆಗಲೇ ಹಾಲ್ ತುಂಬತೊಡಗಿತ್ತು. ಮೊದಲ ಕುರ್ಚಿಯಲ್ಲಿ ಬೊಚ್ಚುಬಾಯಿ ಅಜ್ಜಿ. ಅಜ್ಜಿಯ ಬಾಯಲ್ಲಿ ಒಂದೂ ಹಲ್ಲಿಲ್ಲ, ಆದರೂ ದಿನವೂ ಬರುತ್ತಿತ್ತು. ಅಮ್ಮನ ಗೆಳತಿ. ಅಮ್ಮನ ದನಿ ಕೇಳಿ, ಸಾಕೆನಿಸುವಷ್ಟು ಕೇಳಿ, ಮನೆಗೆ ಹೋಗುವುದು ಅದರ ಪದ್ಧತಿ. ಕನ್ನಡಕದವರು ಅಜ್ಜಿಯ ಪಕ್ಕದಲ್ಲೇ ಕೂತು ಬೆಳಗಿನಿಂದ ನಡೆದದ್ದನ್ನೆಲ್ಲ ಯಾರಿಗೂ ಹೇಳಬಾರದೆಂದು ಹೇಳಿ ಎಲ್ಲರಿಗೂ ಹೇಳಿದ್ದರು. ಟೈಪಿಂಗ್ ಮೇಡಂ ತಮ್ಮ ವಿದ್ಯಾರ್ಥಿನಿಯರಿಗೆ ಪಾಠ ಬರೆಯಲು ಕೊಟ್ಟು ಇಳಿದು ಬಂದಿದ್ದರು.

"ಸಿಕ್ತೇನೋ ಮಗಾ?" ಅಂತು ಅಜ್ಜಿ.

"ಸಿಕ್ತು ಅಜ್ಜಿ. ಗಲಾಟೆ ಮಾಡ್ಬೇಡಿ."

ಗುಂಡಿ ಒತ್ತಿದಾಗ ಕಂಪ್ಯೂಟರ್, ಆ ಅನ್ನುವ ರೋಗಿಯ ಹಾಗೆ, ಡಿಸ್ಕಿನ ತಟ್ಟೆ ಹೊರಚಾಚಿತು. ಡಿಸ್ಕ್ ಇಟ್ಟ. ಮೇಡಂ ಹಿಂದೆ ನಿಂತು, "ಮುಂದೆ, ಮುಂದೆ, ಹೌದು, ಮುಂದೆ" ಅಂತ ಹೇಳುತ್ತಾ ಹೋದರು. ಪರದೆಯ ಮೇಲೆ ನೀಲಿ ಪಟ್ಟಿ ಬಸವನಹುಳದಂತೆ ತೆವಳಿತು. ಕೊನೆಗೆ, ಒಂದು ಸಲ ಆರಿಸಿ ಹಚ್ಚಬೇಕು ಅಂತ ಕೇಳಿತು. ಆರಿಸಿದರು. ಅದು ಮತ್ತೆ ಏಳುವಷ್ಟರಲ್ಲಿ ಬಾಗಿಲಲ್ಲಿ ಡಾಕ್ಟರ ನೆರಳು ಬಿತ್ತು.

ಕಂಪೌಂಡರ್ ಡಾಕ್ಟರನ್ನು ಹಾಗೆ ಎಂದೂ ಕಂಡಿರಲಿಲ್ಲ. ಮುಖ ಬಿಳಚಿಕೊಂಡಿತ್ತು. ಒಳಗೆ ಕಾಲಿಡಲು ಅನುಮಾನಿಸುತ್ತಾ, ಮೊದಲು ಸ್ಪೀಕರನ್ನು, ಆಮೇಲೆ ಆರಿದ್ದ ಪರದೆಯನ್ನು ನೋಡಿದರು. ಪರದೆ ಕಪ್ಪಾಗಿರುವುದನ್ನು ಕಂಡು ಅವರ ಮುಖಕ್ಕೆ ಸ್ವಲ್ಪ ರಕ್ತ ಬಂತು.

"ಏನಪ್ಪಾ, ಆಫ್ ಆಗಿದ್ಯಾ?"

"ಈಗ ಬರುತ್ತೆ ಸಾರ್."

"ಬರದಿದ್ರೂ ಪರವಾಗಿಲ್ಲ." ಡಾಕ್ಟರು ಹತ್ತಿರ ಬಂದು ಅವನ ಭುಜದ ಮೇಲೆ ಕೈಯಿಟ್ಟರು. "ಇವತ್ತು ನೀನೇ ಕರೆಯಪ್ಪಾ. ಮುಂಚಿನ ಹಾಗೆ, ಬಾಯಲ್ಲೇ. ನಿನ್ನ ದನಿಯೂ ಚೆನ್ನಾಗಿದೆ."

ಕಂಪೌಂಡರನ ಕಣ್ಣು ತುಂಬಿ ಬಂತು. ಇವರಿಗೆ ಎಲ್ಲಾ ಗೊತ್ತಾಗಿದೆ. ಬೈಯುವ ಬದಲು, ತನ್ನ ದುಃಖ ನುಂಗಿಕೊಂಡು, ಈ ಡಬ್ಬಿಯಂಥ ದನಿಯನ್ನು ಹೊಗಳುತ್ತಿದ್ದಾರೆ. ಹಾಲ್‌ನಲ್ಲಿ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಿತು.

"ಇಲ್ಲ ಸಾರ್," ಅಂದ ಅವನು. "ನಾನಿರೋವರೆಗೂ ಅಮ್ಮನೇ ಕರೀತಾರೆ."

ಡಾಕ್ಟರ ಕೈ ಭುಜದಿಂದ ಜಾರಿತು. ಏನೋ ಹೇಳಲು ಬಾಯಿ ತೆರೆದರು. ಅಷ್ಟೂ ಜನ ತಮ್ಮನ್ನೇ ಮೆಚ್ಚುಗೆಯಿಂದ ನೋಡುತ್ತಿರುವುದು ಕಂಡು ಮುಚ್ಚಿಕೊಂಡು ಒಳಗೆ ಹೋದರು. "ಎಂಥಾ ಜೀವ," ಅಂದರು ಕನ್ನಡಕದವರು.

ಗುಜರಿ ಮಾವ ಕೆನ್ನೆ ಹಿಡಿದುಕೊಂಡು ಓಡುತ್ತಾ ಬಂದು, ಕಂಪೌಂಡರ್ ಕೊಟ್ಟ ಮಾತಿನಂತೆ ಎಲ್ಲರಿಗಿಂತ ಮುಂದೆ ನಿಂತ. ಪರದೆ ಬೆಳಗಿತು. ಕೆಂಪು ಗೀಟು ಮಾಯವಾಗಿತ್ತು. ಒಳಗಿನಿಂದ ಬೆಲ್ ಬಂತು, ಅದೂ ಅಳುಕುತ್ತಾ ಒತ್ತಿದ ಬೆಲ್. ಹಾಲ್‌ನಲ್ಲಿ ಎಲ್ಲರೂ ಉಸಿರು ಹಿಡಿದರು. ಕಂಪೌಂಡರ್ ಮನಸ್ಸಿನಲ್ಲೇ ಅಮ್ಮನಿಗೆ ಕೈ ಮುಗಿದು ಕೀ ಒತ್ತಿದ.

ಮೊದಲು ಏನೂ ಇಲ್ಲ. ಆಮೇಲೆ ಸ್ಪೀಕರಿನ ಆಳದಿಂದ, ಕಲ್ಲು ಚಪ್ಪಡಿ ಎಳೆದ ಹಾಗೆ, ಒಂದು ದನಿ ಎದ್ದಿತು. ಗಂಡಸಿನದೂ ಅಲ್ಲ, ಹೆಂಗಸಿನದೂ ಅಲ್ಲ. ಎಷ್ಟೋ ದೂರದಿಂದ, ಬಹಳ ದಣಿದು, ಒಂದೊಂದೇ ಅಕ್ಷರವನ್ನು ಹೊತ್ತು ತರುತ್ತಿರುವ ದನಿ.

"ಮುಂ... ದಿ... ನ... ವ... ರು... ಒ... ಳ... ಗೆ... ಬ... ನ್ನಿ..."

ಪ್ಲಾಸ್ಟರ್ ದವಡೆಗಳು ಹಲಗೆಯ ಮೇಲೆ ಗಡಗಡ ಅಲುಗಿದವು. ದನಿ ಅಷ್ಟು ಕೆಳಗಿಳಿದಿತ್ತು.

"ಹೆ... ದ... ರ್ಕೋ... ಬೇ... ಡಿ..."

ಸತ್ತವುಗಳ ಮಧ್ಯೆ ಉಂಡು ಮಲಗುವ ಗುಜರಿ ಮಾವ ಹಿಂದಕ್ಕೆ ಹೆಜ್ಜೆ ಇಡುತ್ತಾ ಇಡುತ್ತಾ ಮೇಡಂ ಕಾಲು ತುಳಿದ. ಮೇಡಂ ಬೈಯಲೂ ಮರೆತರು.

"ಅವಳೇ," ಅಂತು ಅಜ್ಜಿ, ನೆಮ್ಮದಿಯಾಗಿ. "ಮುಂಚೆ ಹತ್ತಿರ ಇದ್ಲು. ಈಗ ದೂರ ಹೋಗಿದಾಳೆ ಅಷ್ಟೇ. ದನಿ ಬರೋಕೆ ಹೊತ್ತಾಗುತ್ತೆ."

"ಅಜ್ಜಿ, ಸುಮ್ನಿರಿ," ಅಂದರು ಕನ್ನಡಕದವರು, ಆದರೆ ಅವರ ಹಲ್ಲೂ ಕಟಕಟ ಅನ್ನುತ್ತಿತ್ತು. ಧೈರ್ಯಕ್ಕೆಂದು ಜೋರಾಗಿ ಕೇಳಿದರು, "ಕಂಪೌಂಡರೇ, ನಂಬರ್ ಎಷ್ಟು ಕೊಟ್ರಿ?"

ಅವನು ಅಂಗೈ ತೋರಿಸಿದ. "ಡಾಕ್ಟರ ಬಾಯಿ ಕನ್ನಡಿಯಲ್ಲಿ ನೋಡಿ ಬರ್ಕೊಂಡೆ."

"ಕನ್ನಡಿಯಲ್ಲಾ?" ಕನ್ನಡಕದವರು ಹಣೆ ಚಚ್ಚಿಕೊಂಡರು. "ಕನ್ನಡಿಯಲ್ಲಿ ಎಡ ಬಲ ಆಗುತ್ತೆ ಕಣ್ರೀ, ದಿನಾ ಅದರ ಮುಂದೆ ತಲೆ ಬಾಚ್ತೀರಲ್ಲ. ಒಂದು, ಎಂಟು, ಸೊನ್ನೆ ಉಲ್ಟಾ ಆದ್ರೂ ಹಂಗೇ ಕಾಣ್ತವೆ, ಸಾಲು ಮಾತ್ರ ತಿರುಗುತ್ತೆ. ಚಿಪ್ಪಿನ ಮೇಲಿರೋದು 1081. ನೀವು ತಂದಿರೋದು ಅದರ ತಮ್ಮನ ಡ್ರೈವರ್."

"ಅದಕ್ಕೇ ನಿಧಾನ," ಅಂದ ಗುಜರಿ ಮಾವ ಗೋಡೆಗೆ ಒರಗಿಕೊಂಡು. "ತಮ್ಮ ಅಣ್ಣನ ಮಾತು ಅರ್ಥ ಮಾಡ್ಕೊಂಡು ಹೇಳ್ಬೇಕಲ್ಲ."

ಸಮಾಧಾನವಾಯಿತು. ಹಾಲ್‌ನಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ಒಂದಿಬ್ಬರು ನಕ್ಕರೂ ನಕ್ಕರು. ಕಂಪೌಂಡರನೂ ನಗಲು ಹೊರಟಿದ್ದ. ಆಗ ಒಳಗಿನ ಬಾಗಿಲು ಒಂದಿಷ್ಟೇ ತೆರೆದು, ಡಾಕ್ಟರ ಕೈ ಹೊರಗೆ ಬಂದು, ಅವನ ಅಂಗಿಯ ಕಾಲರು ಹಿಡಿದು ಒಳಗೆಳೆದುಕೊಂಡಿತು.

ಒಳಗೆಳೆದವರೇ ಡಾಕ್ಟರು ಹೋಗಿ ರೋಗಿಯ ಕುರ್ಚಿಯಲ್ಲಿ ಕುಸಿದು ಕೂತರು. ಕುರ್ಚಿ ಪೂರಾ ಹಿಂದಕ್ಕೆ ವಾಲಿತ್ತು.

"ಯಾಕಪ್ಪಾ ಹಿಂಗೆ ಮಾಡ್ದೆ?"

"ತಪ್ಪಾಯ್ತು ಸಾರ್. ಬೆಳಿಗ್ಗೆ ಒರೆಸೋವಾಗ ನನ್ನ ಕೈಯಿಂದ್ಲೇ ಹೋಯ್ತು. ನಾಳೆ ಸರಿಯಾದ್ದು ತಂದು ಹಾಕ್ತೀನಿ, ಅಮ್ಮ ಮೊದಲಿನ ಹಾಗೇ..."

"ನಿನ್ನ ಕೈಯಿಂದ ಹೋಗಿಲ್ಲ." ಡಾಕ್ಟರು ಕಣ್ಣು ಮುಚ್ಚಿದರು. "ನಿನ್ನೆ ನೀವೆಲ್ಲ ಹೋದ ಮೇಲೆ ಆ ಡ್ರೈವರನ್ನ ನಾನೇ ತೆಗ್ದೆ. ಮಗಳ ಹತ್ರ ಫೋನಿನಲ್ಲಿ ಕೇಳ್ಕೊಂಡು, ಅವಳು ಹೇಳಿದ ಗುಂಡಿನೆಲ್ಲ ಒತ್ತಿ, ಕಷ್ಟಪಟ್ಟು ತೆಗ್ದೆ."

ಕಂಪೌಂಡರ್ ತನ್ನ ಅಂಗೈ ಮೇಲಿನ ನಂಬರನ್ನು ನೋಡಿಕೊಂಡ.

"ಅವಳಿದ್ದಾಗ ಆ ದನಿ ಅಂದ್ರೆ ನಂಗೆ ಪ್ರಾಣ," ಅಂದರು ಡಾಕ್ಟರು. "ಆದ್ರೆ ಹೋದವಳು ದಿನಾ ಸಂಜೆ ಹಿಂದಿನಿಂದ ಕರೀತಾಳಲ್ಲೋ. ಮುಂದಿನವರು ಒಳಗೆ ಬನ್ನಿ, ಹೆದರ್ಕೋಬೇಡಿ, ನಾನಿದ್ದೀನಿ ಅಂತ. ನನ್ನ ವಯಸ್ಸಿಗೆ ಅದು ಯಾರನ್ನ ಕರೆದ ಹಾಗಿರುತ್ತೆ, ನೀನೇ ಹೇಳು. ನಿಲ್ಸಿ ಅನ್ನೋಣ ಅಂದ್ರೆ ಬೀದಿಯವರೆಲ್ಲ ಕಣ್ಣೀರು ಹಾಕ್ತಾರೆ. ತಾನಾಗೇ ಕೆಟ್ಟಂಗೆ ಇರ್ಲಿ ಅಂತ ಗುಟ್ಟಾಗಿ ತೆಗ್ದೆ. ನಿನ್ನೆ ಎಷ್ಟು ಚೆನ್ನಾಗಿ ನಿದ್ದೆ ಬಂತು ಗೊತ್ತಾ? ಬೆಳಿಗ್ಗೆ ಫೋನ್ ಮಾಡಿದ್ರೆ ನೀನು, ಮಾತಾಡ್ತಾನೇ ಇದಾರೆ ಅಂತೀಯ."

ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಹಾಲ್‌ನಲ್ಲಿದ್ದವರಿಗೆಲ್ಲ ಪ್ರತಿಯೊಂದು ಮಾತೂ ಕೇಳಿಸಿತ್ತು.

"ಈಗ್ಲೇ ತೆಗೀತೀನಿ ಸಾರ್," ಅಂದ ಕಂಪೌಂಡರ್. ಹೊರಗೆ ಓಡಿ ಬಂದ. ಯಾರೂ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ಕೀಬೋರ್ಡನ್ನು ಬೆಳಿಗ್ಗೆ ಉಜ್ಜಿದ ಹಾಗೆ ಉಜ್ಜಿದ. ಪೆಟ್ಟಿಗೆಗಳು ತೆರೆದುಕೊಂಡವು, ಎರಡು ಗುಂಡಿ ಬಂದವು, ಎಡಗಡೆಯದನ್ನು ಒತ್ತಿದ. ಒತ್ತಿದ್ದೇ ತಡ, ಯಾರೂ ಕೀ ಮುಟ್ಟದೆ, ಯಾರೂ ಬೆಲ್ ಒತ್ತದೆ, ದನಿ ತಾನಾಗಿ ಮತ್ತೆ ಏಳತೊಡಗಿತು. ಮೊದಲಿಗಿಂತ ನಿಧಾನವಾಗಿ, ಮೊದಲಿಗಿಂತ ಆಳದಿಂದ.

"ಪ್ಲಗ್ ಕೀಳಿ," ಅಂದರು ಮೇಡಂ.

ಕಂಪೌಂಡರ್ ನೆಲಕ್ಕೆ ಬಿದ್ದು ಗೋಡೆಯಿಂದ ಪ್ಲಗ್ ಕಿತ್ತ. ಪರದೆ ಆರಿತು. ಒಳಗಿನ ಫ್ಯಾನು ನಿಂತಿತು. ಸ್ಪೀಕರಿನ ಮೇಲಿದ್ದ ಹಸಿರು ದೀಪವೂ ಆರಿತು.

"ನಾ... ನಿ... ದ್ದೀ... ನಿ..." ಅಂತು ಸ್ಪೀಕರು.

ಪ್ಲಗ್ ಅವನ ಕೈಯಲ್ಲೇ ಇತ್ತು. ಅದರ ಎರಡು ಹಿತ್ತಾಳೆ ಕಾಲುಗಳನ್ನು ಅವನು ನೋಡಿದ, ಹಾಲ್‌ನಲ್ಲಿದ್ದವರೆಲ್ಲ ನೋಡಿದರು. ಗುಜರಿ ಮಾವನ ಕೆನ್ನೆಯ ಬಟ್ಟೆ ಜಾರಿ ಕೊರಳಿಗೆ ಬಿದ್ದಿತ್ತು, ಅವನಿಗೆ ತಿಳಿಯಲಿಲ್ಲ. ಕನ್ನಡಕದವರು ಎಲ್ಲ ಕನ್ನಡಕಗಳನ್ನೂ ತೆಗೆದು ಜೇಬಿಗೆ ಹಾಕಿಕೊಂಡು ಏನೂ ಕಾಣದವರಾಗಿ ಕೂತರು. ಅಜ್ಜಿ ಮಾತ್ರ ಸಾಕೆನಿಸುವಷ್ಟು ಕೇಳಿದಂತೆ ಎದ್ದು, ಕೋಲು ಊರಿಕೊಂಡು ಮನೆಗೆ ಹೊರಟಿತು.

ಒಳಗಿನಿಂದ ಡಾಕ್ಟರ ದನಿ ಬಂತು, ಬಹಳ ಮೆಲ್ಲಗೆ.

"ಯಾರಾದ್ರೂ ಒಬ್ರು ಬಂದು, ಸ್ವಲ್ಪ ಹೊತ್ತು ನನ್ನ ಜೊತೆ ಕೂತ್ಕೋತೀರಾ?"

ಯಾರೂ ಏಳಲಿಲ್ಲ.